ಅತ್ತೆಯ ಕೈಯ ಲಿಂಗ

ಬಸವಾಪಟ್ಟಣದ ಕಸ್ತೂರಮ್ಮನಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕೂ ಒಂದಿಷ್ಟು ಪುರುಸೊತ್ತು ಬೇಕಲ್ಲ, ಅದೆಲ್ಲಿತ್ತು ಅವಳಿಗೆ? ನಾಗರಾಜಪ್ಪನ ಕೈ ಹಿಡಿದು ಈ ಮನೆಗೆ ಬಂದ ಹೊಸದರಲ್ಲಿ, ಬೆಳಗ್ಗೆ ಮಿಂದು ಹಣೆಗೆ ವಿಭೂತಿ ಹಚ್ಚಿ ಎಡಗೈಯಲ್ಲಿ ಲಿಂಗ ಹಿಡಿದು ಕೂತಳೆಂದರೆ, ಪಕ್ಕದಲ್ಲಿ ಸಿಡಿಲು ಬಿದ್ದರೂ ಕಣ್ಣು ಕದಲಿಸುತ್ತಿರಲಿಲ್ಲ. ಎಷ್ಟೋ ಸಲ ಆ ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅದೆಲ್ಲ ಯಾವಾಗ ತಪ್ಪಿಹೋಯಿತು ಎನ್ನುವುದೂ ಅವಳಿಗೆ ಗೊತ್ತಿಲ್ಲ. ಯಾರದೋ ಮದುವೆಗೆ ಹೋದಾಗ ಒಂದು ದಿನ ತಪ್ಪಿತು. ಮಗಳು ವಾಣಿಶ್ರೀಯ ಬಾಣಂತನದಲ್ಲಿ ಸುಮಾರು ದಿನ ತಪ್ಪಿತು. ಆಮೇಲೆ ಅಡಿಕೆ ಸುಲಿಯುವ ಕಾಲ ಬಂತು. ಆಮೇಲೆ ಕಾರಣ ಬೇಕು ಅಂತಲೂ ಅನ್ನಿಸಲಿಲ್ಲ.

ಕೊರಳಲ್ಲಿ ಬೆಳ್ಳಿಯ ಕರಡಿಗೆ ಮಾತ್ರ ಜೋತಾಡುತ್ತಿತ್ತು. ಅದರೊಳಗೆ ಲಿಂಗವೂ ಇತ್ತು, ಮುಚ್ಚಳ ತೆಗೆದು ನೋಡುವವರಿರಲಿಲ್ಲ. ಸ್ನಾನ ಮಾಡುವಾಗ ಕರಡಿಗೆಯನ್ನು ಬೆನ್ನ ಕಡೆಗೆ ಸರಿಸುತ್ತಿದ್ದಳು, ಒಲೆ ಮುಂದೆ ಬಗ್ಗುವಾಗ ಸೆರಗಿನೊಳಗೆ ತುರುಕಿಕೊಳ್ಳುತ್ತಿದ್ದಳು. ಅಷ್ಟೇ ಅದರ ಸಹವಾಸ. ಬೀಗರ ಮನೆಗೆ ಹೋದಾಗ ಯಾರಾದರೂ ಪೂಜೆ ಆಯಿತಾ ಎಂದು ಕೇಳಿದರೆ, ಆಯಿತಲ್ಲ ಎಂದು ಸಲೀಸಾಗಿ ಸುಳ್ಳು ಹೇಳಿ ತಟ್ಟೆಗೆ ಕೈ ಹಾಕುತ್ತಿದ್ದಳು.

ತಮಾಷೆ ಏನೆಂದರೆ, ತನ್ನ ಪೂಜೆ ಬಿಟ್ಟ ಈ ಹೆಂಗಸು ಅತ್ತೆಯ ಪೂಜೆಯನ್ನು ಒಂದು ದಿನವೂ ತಪ್ಪಿಸುವಂತಿರಲಿಲ್ಲ. ಅತ್ತೆ ಹಾಲಮ್ಮ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದವಳು ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಎದುರಿಗೆ ನಿಂತವರು ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಿದ್ದರು. ಆದರೆ ಲಿಂಗಪೂಜೆಯಾಗದೆ ಒಂದು ಗುಟುಕು ಕಾಫಿಯನ್ನೂ ಬಾಯಿಗೆ ಬಿಟ್ಟುಕೊಳ್ಳುವವಳಲ್ಲ. ಹಾಗಾಗಿ ಕಸ್ತೂರಮ್ಮ ದಿನಾ ಬೆಳಗ್ಗೆ ಮುದುಕಿಯ ಮೈ ತೊಳೆಸಿ, ಸೀರೆ ಸುತ್ತಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿ, ಹಣೆಗೆ ವಿಭೂತಿ ಎಳೆದು, ಅವಳ ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಅವಳ ಅಂಗೈಯಲ್ಲಿಡಬೇಕು. ಮೇಲೆ ನೀರು ಹಾಕಬೇಕು, ವಿಭೂತಿ ಹಚ್ಚಬೇಕು, ಪತ್ರೆ ಏರಿಸಬೇಕು. ಕೈ ಇಲ್ಲಿ ಕೆಲಸ ಮಾಡುತ್ತಿದ್ದರೆ ಅವಳ ಕಣ್ಣು ಅಡುಗೆಮನೆಯ ಹಾಲಿನ ಮೇಲೆ ಇರುತ್ತಿತ್ತು, ಕಿವಿ ಕುಕ್ಕರಿನ ಸೀಟಿಯ ಮೇಲೆ. ‘ಆತಾ ಅತ್ತಿ? ಬೇಗ ಮುಗಿಸ್ರಿ’ ಎನ್ನುವುದು ಅವಳ ಮಂತ್ರ. ಮುದುಕಿ ತುಟಿ ಅಲುಗಿಸುತ್ತ ತನ್ನ ಪಾಡಿಗೆ ತಾನು ಕೂತಿರುತ್ತಿದ್ದಳು.

ಹೀಗೆ ನಡೆಯುತ್ತಿದ್ದ ಪೂಜೆಗೆ ದೀಪಾವಳಿ ಕಳೆದ ಮೇಲೆ ವಿಘ್ನ ಬಂತು. ಒಂದು ದಿನ ಹಾಲಮ್ಮ ಅಂಗೈಯಲ್ಲಿದ್ದ ಲಿಂಗದ ಮೇಲೆ ಹೆಬ್ಬೆರಳು ಆಡಿಸಿ ನಿಲ್ಲಿಸಿದಳು. ಮತ್ತೊಮ್ಮೆ ಆಡಿಸಿದಳು.

“ಕಸ್ತೂರಿ, ಇದು ನಂದಲ್ಲ ಕಣೆ.”

“ಏನು ನಿಮ್ದಲ್ಲ?”

“ಲಿಂಗ. ಇದು ನಂದಲ್ಲ.”

“ನಿಮ್ದೇ ಅತ್ತಿ. ಈಗ ನಿಮ್ಮ ಕೊರಳಾಗಿನ ಕರಡಿಗ್ಯಾಗಿಂದ್ಲೇ ತೆಗ್ದಿದ್ದು.”

“ಕೊರಳು ನಂದೇ, ಕರಡಿಗೇನೂ ನಂದೇ. ಇದು ನಂದಲ್ಲ.”

ಕಸ್ತೂರಮ್ಮ ನಕ್ಕುಬಿಟ್ಟಳು. ನಗಬೇಕಾದ್ದೇ. ಹಿಂದಿನ ವಾರ ಇದೇ ಮುದುಕಿ ಹೆತ್ತ ಮಗ ನಾಗರಾಜಪ್ಪನನ್ನು ಮಂಚದ ಪಕ್ಕ ಕಂಡು, “ನಿಮ್ದು ಯಾವೂರಾತ್ರೀ? ಊಟ ಮಾಡ್ಕೊಂಡು ಹೋಗ್ರಿ” ಎಂದಿದ್ದಳು. ವಾಣಿಶ್ರೀ ಫೋನು ಮಾಡಿದರೆ ಎಂದೋ ಸತ್ತುಹೋದ ತನ್ನ ತಂಗಿ ಎಂದುಕೊಂಡು ಮಾತಾಡುತ್ತಿದ್ದಳು. ಅಂಥವಳು ಇದು ನಂದಲ್ಲ ಎಂದರೆ ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?

ಆದರೆ ಹೇಳುತ್ತಿದ್ದುದು ಸಣ್ಣ ಮಾತಲ್ಲ. ಮೈಮೇಲೆ ಲಿಂಗ ಕಟ್ಟಿಕೊಳ್ಳುವ ಆ ಜನದಲ್ಲಿ ಲಿಂಗವೆಂದರೆ ಗುಡಿಯಲ್ಲಿ ಎಲ್ಲರಿಗೂ ಒಂದೇ ಆಗಿ ಕೂತಿರುವ ದೇವರಲ್ಲ. ಎಳೆ ವಯಸ್ಸಿನಲ್ಲಿ ಗುರುಗಳು ಅಂಗೈಗೆ ಕೊಟ್ಟದ್ದು ಸಾಯುವ ತನಕ ಮೈಮೇಲೇ ಇರಬೇಕು, ಸತ್ತ ಮೇಲೆ ಅದೇ ಅಂಗೈಯಲ್ಲಿ ಮಣ್ಣಿಗೂ ಹೋಗಬೇಕು. ಗಂಡನದು ಹೆಂಡತಿಗಲ್ಲ, ತಾಯಿಯದು ಮಗಳಿಗಲ್ಲ. ತನ್ನದು ಕಳೆದುಹೋದರೆ ಹಳೆಯ ಕಾಲದವರು ಸಿಗುವ ತನಕ ಅನ್ನ ಮುಟ್ಟುತ್ತಿರಲಿಲ್ಲ. ಹಾಲಮ್ಮ ಹಳೆಯ ಕಾಲದವಳೇ.

ಮೊದಮೊದಲು ಗೊಣಗುತ್ತ ಪೂಜೆ ಮಾಡಿ ಎರಡು ತುತ್ತು ಉಣ್ಣುತ್ತಿದ್ದಳು. ಬರಬರುತ್ತ ಒಂದೇ ತುತ್ತಾಯಿತು. ಆಮೇಲೆ ಲಿಂಗಕ್ಕೆ ನೀರು ಹಾಕಿಸಿ, ಪತ್ರೆ ಏರಿಸಿ, ಮೆಲ್ಲಗೆ ಸೊಸೆಯ ಕಡೆಗೆ ಕೈ ಚಾಚುತ್ತಿದ್ದಳು.

“ತಗೊಂಡು ಹೋಗಿ ಕೊಟ್ಟು ಬಾರೆ. ಯಾರದೋ ಏನೋ. ಪಾಪ, ಅವರು ಉಣ್ದೆ ಕುಂತಿರ್ತಾರೆ.”

“ಯಾರು ಕುಂತಿರ್ತಾರೆ?”

“ಇದರವರು. ಇದು ಇಲ್ಲಿದ್ರೆ ಅವರು ಹೆಂಗೆ ಉಣ್ತಾರೆ? ನನ್ನಂಗೆ ಹೊಟ್ಟೆ ಕಟ್ಕೊಂಡು ಕುಂತಿರ್ತಾರೆ. ಕೊಟ್ಟು ಬಾ ಹೋಗು, ನಮ್ಮವ್ವ ಅಲ್ವಾ ನೀನು.”

“ಅತ್ತಿ, ಯಾರೂ ಉಪವಾಸ ಇಲ್ಲ. ಊರೆಲ್ಲ ಚೆನ್ನಾಗಿ ಉಣ್ತೈತೆ. ನೀವೊಬ್ಬರು ಬಾಯಿ ತೆಗೀರಿ ಸಾಕು.”

ಮುದುಕಿ ಬಾಯಿ ತೆಗೆಯುತ್ತಿರಲಿಲ್ಲ. ಕಸ್ತೂರಮ್ಮ ಗಂಜಿಯ ಬಟ್ಟಲು ಹಿಡಿದು ಕೂತು ಕೂತು, ಅದು ಆರಿ, ಮತ್ತೆ ಬಿಸಿ ಮಾಡಿ ತಂದು, ಮತ್ತೆ ಆರಿ, ಕೊನೆಗೆ ದನದ ಕಲಗಚ್ಚಿಗೆ ಸುರಿಯುತ್ತಿದ್ದಳು. ಅವಳ ಸೊಂಟ ಬಿದ್ದುಹೋಗಿತ್ತು. ಮಂಡಿ ಮಡಿಸಿದರೆ ಬಿಚ್ಚಲು ಬರದು, ಬಿಚ್ಚಿದರೆ ಮಡಿಸಲು ಬರದು. ಅಡಿಕೆ ಸುಲಿಯಲು ಬಂದ ಹೆಂಗಸರಿಗೆ ಚಹಾ, ಗಂಡನಿಗೆ ಬುತ್ತಿ, ಅತ್ತೆಗೆ ಹಾಸಿಗೆ ಬದಲಿಸುವುದು, ಮತ್ತೆ ಚಹಾ. ಹೀಗೇ ಆಗಿ ಕನ್ನಡಿ ನೋಡಿಕೊಳ್ಳುವುದನ್ನೂ ಬಿಟ್ಟಿದ್ದಳು.

ನ್ಯಾಮತಿಯಿಂದ ನಾದಿನಿ ಹೇಮಾವತಿ ದಿನಾ ಸಂಜೆ ಫೋನು ಮಾಡುತ್ತಿದ್ದಳು. “ಅತ್ತಿಗೆ, ಅವ್ವಂಗೆ ಸಿಟ್ಟು ಮಾಡಬ್ಯಾಡ್ರಿ. ನಿಧಾನಕ್ಕೆ ಹೇಳ್ರಿ. ಮಕ್ಕಳಿಗೆ ಹೇಳ್ದಂಗೆ ಹೇಳ್ಬೇಕು.”

“ಹೇಳ್ತಾ ಇದ್ದೀನಿ ಹೇಮಾ,” ಎನ್ನುತ್ತಿದ್ದಳು ಕಸ್ತೂರಮ್ಮ. ಫೋನು ಇಟ್ಟ ಮೇಲೆ, ಫೋನಿನಲ್ಲಿ ಸೇವೆ ಮಾಡುವವರಿಗೆ ಸೊಂಟ ನೋಯುವುದಿಲ್ಲ ನೋಡು ಎಂದು ಗೋಡೆಗೆ ಹೇಳುತ್ತಿದ್ದಳು.

ಡಾಕ್ಟರು ಬಂದು ನೋಡಿದರು. ವಯಸ್ಸಾಯಿತು, ಮೆದುಳು ಸವೆದಿದೆ ಎಂದು ಹೇಳಿ, ಕೈಗೆ ಸೂಜಿ ಚುಚ್ಚಿ ಗ್ಲೂಕೋಸು ಏರಿಸಿ ಹೋದರು. ಮಠದ ಅಯ್ಯನವರೂ ಬಂದರು. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡುವವರಲ್ಲ.

“ತಾಯಿ, ಇದು ನಿಮ್ದೇ ಲಿಂಗ. ಅನುಮಾನ ಬ್ಯಾಡ. ಪೂಜೆ ಮಾಡಿ ಪ್ರಸಾದ ತಗೊಳ್ರಿ.”

“ಬುದ್ಧಿ, ನನ್ನ ಲಿಂಗ ನೀವು ನೋಡಿದ್ರಾ ಯಾವತ್ತಾದ್ರೂ?”

ಅಯ್ಯನವರು ಎಲ್ಲಿ ನೋಡಿದ್ದರು? ಅವರಿಗಿಂತ ಮುದುಕಿಯೇ ದೊಡ್ಡವಳು. ಎದ್ದು ಜಗಲಿಗೆ ಬಂದು, ಹೊಸ ಲಿಂಗವನ್ನೇ ಕಟ್ಟೋಣವೇನು ಎಂದು ನಾಗರಾಜಪ್ಪನ ಕಿವಿಯಲ್ಲಿ ಹೇಳಿದರು. ಕಣ್ಣು ಹೋದರೂ ಹಾಲಮ್ಮನ ಕಿವಿ ಚುರುಕಾಗಿಯೇ ಇತ್ತು.

“ಹೊಸಾದು ಬ್ಯಾಡ!” ಎಂದು ಒಳಗಿನಿಂದ ಕೂಗಿದಳು. “ನಂದು ಎಲ್ಲೋ ಒಂದು ಕಡೆ ಅನಾಥ ಬಿದ್ದೈತೆ. ಅದನ್ನ ಬಿಟ್ಟು ನಾನು ಮಣ್ಣಿಗೆ ಹೋಗಾಕಿಲ್ಲ. ಅದು ಸಿಗೋತನ ಒಂದು ಅಗುಳು ಮುಟ್ಟಾಕಿಲ್ಲ.”

ಅಂದಂತೆಯೇ ನಡೆದುಕೊಂಡಳು. ಮೊದಲು ಗಂಜಿ ನಿಂತಿತು, ಆಮೇಲೆ ಹಾಲು ನಿಂತಿತು. ಬರೀ ನೀರು ಕುಡಿಯುತ್ತಿದ್ದಳು, ಅದೂ ಬಾಯಿ ಒಣಗಿದಾಗ. ಕೈಗಳು ಬೇಲಿಯ ಕಡ್ಡಿಯ ಹಾಗಾದವು. ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ, ದಾವಣಗೆರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಿಸಿ ಎಂದು ಡಾಕ್ಟರು ಹೇಳಿದರು. ಹಾಗಾಗಿ ಆವತ್ತು ಬೆಳಗ್ಗೆ ನಾಗರಾಜಪ್ಪ ಕತ್ತಲಗೆರೆಯ ಪರಿಚಯದವರ ಕಾರು ಕೇಳಿ ತರಲು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, “ಇನ್ನೊಂದು ಸಲ ನೋಡು. ಒಂದು ಲೋಟ ಹಾಲು ಕುಡಿದ್ರೂ ಸಾಕು, ನಳಿಗೆ ಗಿಳಿಗೆ ಏನೂ ಬ್ಯಾಡ” ಎಂದ. ಎಷ್ಟಾದರೂ ತಾಯಿಯಲ್ಲವೇ.

ಕಸ್ತೂರಮ್ಮ ಇನ್ನೊಂದು ಸಲ ನೋಡಿದಳು. ಮೈ ತೊಳೆಸಿದಳು, ಸೀರೆ ಸುತ್ತಿದಳು, ದಿಂಬು ಕೊಟ್ಟಳು. ಎತ್ತಿ ಕೂರಿಸುವಾಗ ಮುದುಕಿ ಎಷ್ಟು ಹಗುರಾಗಿದ್ದಾಳೆಂದು ಅವಳಿಗೇ ದಿಗಿಲಾಯಿತು. ಹಣೆಗೆ ವಿಭೂತಿ ಎಳೆದು ಅಂಗೈಗೆ ಲಿಂಗ ಇಟ್ಟು ನೀರು ಹಾಕಿದಳು. ಹಾಲಮ್ಮನ ಹೆಬ್ಬೆರಳು ಅದರ ಮೇಲೆ ನಿಧಾನಕ್ಕೆ ಆಡಿ ನಿಂತಿತು. ಅದನ್ನು ಕೆಳಗೆ ಬೀಳಗೊಡಲಿಲ್ಲ. ಮಂಚದ ಮೇಲಿದ್ದ ತಟ್ಟೆಯನ್ನು ತಡವಿ ತಡವಿ ಹುಡುಕಿ, ಅದರಲ್ಲಿ ಮೆತ್ತಗೆ ಇಟ್ಟಳು.

“ಇದು ನಂದಲ್ಲ ತಾಯಿ. ಇವತ್ತಾದ್ರೂ ಅವರಿಗೆ ಮುಟ್ಟಿಸೇ. ಇನ್ನೂ ಎಷ್ಟು ದಿನ ಅಂತ ತಡೀತಾರೆ ಅವರು?”

ಕಸ್ತೂರಮ್ಮನ ತಲೆಯಲ್ಲಿ ಏನೋ ಪಟ್ ಅಂದಿತು. ಒಂದು ವರ್ಷದ ಹಾಸಿಗೆ, ಬಟ್ಟೆ, ಗಂಜಿ, ಸೊಂಟನೋವು, ಫೋನಿನ ಬುದ್ಧಿಮಾತು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು.

“ಸಾಯಿಸ್ರಿ ನನ್ನ! ನಂದಲ್ಲ ನಂದಲ್ಲ ನಂದಲ್ಲ! ಕಾಣದ ಯಾರಿಗೋ ಹೊಟ್ಟೆ ಉರೀತೈತೆ ನಿಮ್ಗೆ, ಕಣ್ಣೆದುರಿಗೆ ಸಾಯ್ತಿರೋ ನಾನು ಕಾಣಾಕಿಲ್ಲ! ಅದು ನಿಮ್ದಲ್ಲಾಂದ್ರೆ ತಗೊಳ್ರಿ, ನಂದನ್ನೇ ಇಟ್ಕೊಳ್ರಿ! ನಾನೇನು ಪೂಜೆ ಮಾಡಿ ಕಡಿದು ಕಟ್ಟೆ ಹಾಕ್ತಿದ್ದೀನಾ ಅದನ್ನ ಇಟ್ಕೊಂಡು!”

ಹೀಗೆಂದವಳೇ ಕೊರಳಿನ ಶಿವದಾರ ಹಿಡಿದು ತಲೆಯ ಮೇಲಿಂದ ಕಿತ್ತಳು. ಕರಡಿಗೆಯ ಮುಚ್ಚಳ ಬಿಗಿದುಕೊಂಡು ಕೂತಿತ್ತು. ಉಗುರು ಹಾಕಿ ಮೀಟಿ ತೆಗೆದಳು. ನೀರಿಲ್ಲ, ವಿಭೂತಿಯಿಲ್ಲ, ಒಳಗಿದ್ದುದನ್ನು ಕಡಲೆಬೀಜ ಸುರಿದ ಹಾಗೆ ಮುದುಕಿಯ ಅಂಗೈಗೆ ಸುರಿದುಬಿಟ್ಟಳು. ಸುರಿದ ಮೇಲೆ ಅವಳಿಗೇ ಭಯವಾಯಿತು. ಯಾರೂ ಮಾಡದ ಕೆಲಸ ಅದು. ತನ್ನ ಲಿಂಗವನ್ನು ಇನ್ನೊಬ್ಬರ ಕೈಗೆ ಎಸೆದವರನ್ನು ಅವಳು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಹಾಲಮ್ಮ ಬೆಚ್ಚಿ ಬೆರಳು ಮಡಚಿದಳು. ಆಮೇಲೆ ಬಿಚ್ಚಿದಳು. ಹೆಬ್ಬೆರಳು ಲಿಂಗದ ಮೇಲೆ ಒಮ್ಮೆ ಆಡಿ ನಿಂತಿತು. ಮತ್ತೆ ಆಡಿತು. ಆಮೇಲೆ ನಿಲ್ಲಲೇ ಇಲ್ಲ, ಸವರುತ್ತಲೇ ಇತ್ತು. ಒಣಗಿ ಹೋಗಿದ್ದ ಆ ಕಣ್ಣುಗಳಲ್ಲಿ ಅಷ್ಟೊಂದು ನೀರು ಎಲ್ಲಿತ್ತೋ.

“ಬಂದೇನಪ್ಪಾ?” ಎಂದಳು. ಸೊಸೆಗಲ್ಲ, ಕೈಯಲ್ಲಿದ್ದವನಿಗೆ. “ಎಲ್ಲೋಗಿದ್ದೆ ನನ್ನ ದೊರೆ, ಇಷ್ಟು ದಿನ ನನ್ನ ಬಿಟ್ಟು?”

ನೋಡಿದೆಯಾ ಎಂದುಕೊಂಡಳು ಕಸ್ತೂರಮ್ಮ. ಕೊಟ್ಟಿದ್ದು ನಂದು, ಅದೇ ಇವರಿಗೆ ಇವರದಾಗಿ ಕಾಣುತ್ತಿದೆ. ತಲೆ ಪೂರ್ತಿ ಹೋಗಿದೆ, ಇನ್ನು ಇದನ್ನು ಕಟ್ಟಿಕೊಂಡು ಏನು ಏಗುವುದು? ಹಾಗೆಂದುಕೊಂಡೇ ಬಗ್ಗಿ, ಎಷ್ಟೋ ಕಾಲದ ಮೇಲೆ ಮೊದಲ ಸಲ, ಅಂಗೈಯಲ್ಲಿದ್ದುದನ್ನು ಕಣ್ಣಿಟ್ಟು ನೋಡಿದಳು.

ಅದರ ಒಂದು ಮಗ್ಗುಲಲ್ಲಿ ಮೇಲಿನ ಕಪ್ಪು ಸವೆದು ಒಳಗಿನ ಕಂದು ಬಣ್ಣ ಕಾಣುತ್ತಿತ್ತು. ಸವೆದ ಜಾಗ ಒಂದು ಹೆಬ್ಬೆರಳಿನಷ್ಟೇ ಅಗಲ. ಒಂದು ಜನ್ಮವಿಡೀ ಒಬ್ಬಳೇ ಹೆಂಗಸು ಒಂದೇ ಕಡೆ ಸವರಿದರೆ ಮಾತ್ರ ಹಾಗಾಗುತ್ತದೆ. ಕಸ್ತೂರಮ್ಮ ತಟ್ಟೆಯ ಕಡೆ ತಿರುಗಿದಳು. ಅಲ್ಲಿ ಕೂತಿದ್ದ ಲಿಂಗ ಅಂಗಡಿಯಿಂದ ಈಗ ತಂದ ಹಾಗೆ ಕಪ್ಪಗೆ ಮಿಂಚುತ್ತಿತ್ತು, ಒಂದು ಗೀರೂ ಇರಲಿಲ್ಲ. ಮುಟ್ಟಿದ್ದರೆ ತಾನೇ ಸವೆಯುವುದು.

ಅವಳಿಗೆ ದೀಪಾವಳಿಯ ಮರುದಿನ ನಡೆದದ್ದು ನೆನಪಾಯಿತು. ಹಬ್ಬಕ್ಕೆ ಬಂದಿದ್ದ ಹೇಮಾವತಿ, ಬೆಳ್ಳಿ ಕರ್ರಗಾಗಿದೆ ಎಂದು ಇಬ್ಬರ ಕರಡಿಗೆಯನ್ನೂ ಚನ್ನಗಿರಿಗೆ ಒಯ್ದು ಮೆರುಗು ಹಾಕಿಸಿಕೊಂಡು ಬಂದಿದ್ದಳು. ಅಲ್ಲಿಯ ತನಕ ಇಬ್ಬರ ಲಿಂಗವೂ ಬಟ್ಟೆಯಲ್ಲಿ ಸುತ್ತಿ ಅವರವರ ಕೊರಳಲ್ಲೇ ಇದ್ದವು. ಕರಡಿಗೆ ಬಂದಾಗ ಎರಡೂ ಗಂಟನ್ನು ಬಿಚ್ಚಿ ಒಂದೇ ತಟ್ಟೆಯಲ್ಲಿಟ್ಟವಳು ಕಸ್ತೂರಮ್ಮನೇ. ಅಷ್ಟರಲ್ಲಿ ಹಿತ್ತಲಲ್ಲಿ ಅಡಿಕೆ ಬೇಯಿಸುವ ಹಂಡೆ ಉಕ್ಕಿತೆಂದು ಯಾರೋ ಕೂಗಿದರು. ಓಡಿಹೋಗಿ ಬೆಂಕಿ ಹಿರಿದು, ಏದುಸಿರು ಬಿಡುತ್ತ ಬಂದು, ಕೈಗೆ ಸಿಕ್ಕಿದ್ದನ್ನು ಎದುರಿಗೆ ಸಿಕ್ಕಿದ ಕರಡಿಗೆಗೆ ಹಾಕಿ ಮುಚ್ಚಿದ್ದಳು. ಯಾವುದು ಯಾರದು ಎಂದು ನೋಡಿರಲಿಲ್ಲ. ನೋಡಿದ್ದರೂ ಗುರುತು ಸಿಗುತ್ತಿರಲಿಲ್ಲವೇನೋ, ತನ್ನದು ಹೇಗಿದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಅವಳು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಸಿದಳು. ಅಯ್ಯೋ ಶಿವನೇ, ಮುದುಕಿ ದಿನಾ ಕೇಳುತ್ತಿದ್ದಳಲ್ಲ! ದಿನಾ ಅಂಗಲಾಚುತ್ತಿದ್ದಳಲ್ಲ! ಡಾಕ್ಟರನ್ನು ಕರೆಸಿದೆವು, ಅಯ್ಯನವರನ್ನು ಕರೆಸಿದೆವು, ಮೆದುಳು ಸವೆದಿದೆ ಎಂದು ತೀರ್ಮಾನ ಮಾಡಿದೆವು. ಕೇಳಿದ ವಸ್ತು ನನ್ನ ಎದೆಯ ಮೇಲೇ ನೇತಾಡುತ್ತಿತ್ತು. ಒಂದೇ ಒಂದು ದಿನ ನನ್ನ ಕರಡಿಗೆಯ ಮುಚ್ಚಳ ತೆಗೆದಿದ್ದರೆ ಸಾಕಿತ್ತು. ಒಂದು ದಿನ ಪೂಜೆಗೆ ಕೂತಿದ್ದರೆ ಸಾಕಿತ್ತು. ಈ ಜೀವ ಹೀಗೆ ಬಡಕಲಾಗುತ್ತಿರಲಿಲ್ಲ. ನಾಚಿಕೆಯಿಂದ ಅವಳ ಮುಖ, ಕಿವಿ, ಕುತ್ತಿಗೆ ಎಲ್ಲ ಬಿಸಿಯಾದವು.

ಆದರೂ ಮನುಷ್ಯರ ಬುದ್ಧಿ ನೋಡಿ, ಅಷ್ಟು ನಾಚಿಕೆಯ ನಡುವೆಯೂ ಒಂದು ಉಪಾಯ ಹೊಳೆಯಿತು. ಅತ್ತೆಗೆ ಅತ್ತೆಯದು ಸಿಕ್ಕಿತು. ನನ್ನದನ್ನು ಕರಡಿಗೆಗೆ ಹಾಕಿ ಮುಚ್ಚಿಕೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗಂಡನಿಗೆ, ಅದೇನೋ ಇವತ್ತು ಹಟ ಬಿಟ್ಟರು ಎಂದರಾಯಿತು. ಅವಳು ಕಣ್ಣೊರೆಸಿಕೊಂಡು ಎದ್ದು, ಹಾಲಮ್ಮನ ಲಿಂಗಕ್ಕೆ ನೀರು ಹಾಕಿದಳು, ಪತ್ರೆ ಏರಿಸಿದಳು. ಮುದುಕಿ ತುಂಬ ಹೊತ್ತು ಅದರೊಂದಿಗೆ ಏನೇನೋ ಪಿಸುಗುಟ್ಟಿ ತೀರ್ಥ ತೆಗೆದುಕೊಂಡಳು. ಕಸ್ತೂರಮ್ಮ ಈ ಸಲ ಬೇಗ ಮುಗಿಸಿ ಎನ್ನಲಿಲ್ಲ. ಅಡುಗೆಮನೆಗೆ ಹೋಗಿ, ಹಾಲನ್ನು ಒಲೆಗಿಟ್ಟು, ಗಂಜಿ ಬಿಸಿ ಮಾಡಿ ತಂದಳು.

“ಉಣ್ರಿ ಅತ್ತಿ.”

ಹಾಲಮ್ಮ ಬಾಯಿ ತೆಗೆಯಲಿಲ್ಲ.

“ಇನ್ನೊಂದು ಎಲ್ಲೈತೆ?”

“ಯಾವುದು?”

“ಇಷ್ಟು ದಿನ ನನ್ನ ಕೈಯಾಗಿತ್ತಲ್ಲ, ಅದು. ಮೊದಲು ಅದನ್ನ ಅವರಿಗೆ ಮುಟ್ಟಿಸು. ಅವರು ಪೂಜೆ ಮಾಡ್ಕೊಂಡು ಒಂದು ತುತ್ತು ಉಣ್ಲಿ. ಆಮೇಲೆ ನಾನು.”

“ನಿಮ್ದು ನಿಮ್ಗೆ ಸಿಕ್ತಲ್ಲ ಅತ್ತಿ. ಇನ್ನೂ ಯಾಕೆ?”

“ಅವರದನ್ನ ನನ್ನ ಕೊರಳಾಗೆ ಇಟ್ಕೊಂಡು ಅವರನ್ನ ಉಪವಾಸ ಕೆಡವಿದೀನಿ. ಅವರು ಉಂಡಿಲ್ಲಾಂತ ಗೊತ್ತಿದ್ದೂ ನಾನು ಹೆಂಗೆ ಉಣ್ಲೇ? ಇಳೀತೈತಾ ಗಂಟಲಾಗೆ?”

ಬಟ್ಟಲಿನಿಂದ ಆವಿ ಏಳುತ್ತಿತ್ತು. ಕಸ್ತೂರಮ್ಮ ಆ ಮುಖವನ್ನೇ ನೋಡಿದಳು, ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಬಿರಿದಿತ್ತು. ಹಸಿವು ಆ ಮುಖದ ತುಂಬ ಕಾಣುತ್ತಿತ್ತು, ಆದರೂ ಬಾಯಿ ಮಾತ್ರ ಮುಚ್ಚಿಯೇ ಇತ್ತು. ಸುಳ್ಳು ಹೇಳಬಹುದಿತ್ತು, ಪಕ್ಕದ ಬೀದಿಯವರದ್ದು, ಕೊಟ್ಟು ಬಂದೆ, ಉಂಡರು ಎಂದು. ಮುದುಕಿ ನಂಬುತ್ತಿದ್ದಳು. ಆದರೆ ನಾಲಿಗೆ ಹೊರಳಲಿಲ್ಲ.

“ಅದು ನಂದು ಅತ್ತಿ.”

“ಆಂ?”

“ನಂದು. ನನ್ನ ಲಿಂಗಾನೇ ನಿಮ್ಮ ಕೈಯಾಗಿತ್ತು, ನಿಮ್ದು ನನ್ನ ಕೊರಳಾಗಿತ್ತು. ಅದಲು ಬದಲು ಮಾಡಿದಾಕಿ ನಾನೇ.”

ಹಾಲಮ್ಮ ಕೈ ಚಾಚಿದಳು. ಗಾಳಿಯಲ್ಲಿ ತಡಕಾಡಿ, ಸೊಸೆಯ ಹೆಗಲು ಸಿಕ್ಕಿ, ಅಲ್ಲಿಂದ ಕೆನ್ನೆಗೆ ಬಂದಳು. ಬೈಗುಳ ಬರುತ್ತದೆ ಎಂದು ಕಸ್ತೂರಮ್ಮ ಕಣ್ಣು ಮುಚ್ಚಿದಳು. ಬಂದರೆ ಒಳ್ಳೆಯದು ಎಂದೂ ಅನ್ನಿಸಿತು.

“ನಿಂದಾ? ಅಯ್ಯೋ ನನ್ನ ಮಗಳೇ! ಹಂಗಾದ್ರೆ ಇಷ್ಟು ದಿನ ಉಣ್ದೆ ಇದ್ದಾಕಿ ನೀನಾ?” ಆ ಕಡ್ಡಿಬೆರಳುಗಳು ಅವಳ ಕೆನ್ನೆಯ ಮೇಲೆ ಓಡಾಡಿದವು. “ಎಷ್ಟು ಸೊರಗಿದ್ದೀಯೇ! ನೀನು ಹಸ್ಕೊಂಡೇ ನನಗೆ ಉಣ್ಸಾಕೆ ಬರ್ತಿದ್ದೇನೇ? ಒಂದು ಮಾತು ಹೇಳಬಾರ್ದಾ?”

ಕಸ್ತೂರಮ್ಮನಿಗೆ ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆವತ್ತು ಬೆಳಗ್ಗೆಯೇ ಅವಳು ಅಡುಗೆಮನೆಯಲ್ಲಿ ನಿಂತುಕೊಂಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದಿಷ್ಟು ಮೊಸರು ತಿಂದಿದ್ದಳು. ನಿನ್ನೆಯೂ ತಿಂದಿದ್ದಳು, ಮೊನ್ನೆಯೂ ತಿಂದಿದ್ದಳು. ಒಂದು ಹೊತ್ತೂ ಬಿಟ್ಟಿರಲಿಲ್ಲ.

“ಉಂಡೀನಿ ಅತ್ತಿ,” ಎಂದಳು. “ದಿನಾ ಉಂಡೀನಿ. ಹೊಟ್ಟೆ ತುಂಬ ಉಂಡೀನಿ. ನಾನು ಕರಡಿಗೆ ತೆಗ್ದೇ ಇಲ್ಲ ಅತ್ತಿ. ಪೂಜೆ ಬಿಟ್ಟು ವರ್ಷಗಟ್ಟಲೆ ಆತು. ಅದು ಎಲ್ಲೈತೆ, ಹೆಂಗೈತೆ ಅಂತ ಒಂದಿನ ನೋಡ್ಲಿಲ್ಲ ನಾನು. ನಿಮ್ಗೆ ಹುಚ್ಚು ಅಂದೆ. ನನಗೆ ಅದು ಬೇಕು ಅಂತ ಅನ್ನಿಸ್ಲೇ ಇಲ್ಲ.”

ಹಾಲಮ್ಮನಿಗೆ ಎಷ್ಟು ಅರ್ಥವಾಯಿತೋ, ಏನು ಅರ್ಥವಾಯಿತೋ. ಕೆನ್ನೆಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ.

“ಹೋಗು, ಮೈ ತೊಳ್ಕೊಂಡು ಬಾ,” ಎಂದಳು. “ನಾನು ಕಾಯ್ತೀನಿ.”

“ನೀವು ಮೊದಲು ಉಣ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಆಮೇಲೆ ಮಾಡ್ತೀನಿ. ಆಣೆಗೂ ಮಾಡ್ತೀನಿ.”

“ಕಾಯ್ತೀನಿ ಅಂದ್ನಲ್ಲ. ಹೋಗು.”

ಕಸ್ತೂರಮ್ಮ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು ಬಚ್ಚಲಿಗೆ ಓಡಿದಳು. ತಣ್ಣೀರನ್ನೇ ಮೈಮೇಲೆ ಸುರಿದುಕೊಂಡು, ಸೀರೆಯನ್ನು ಹೇಗೋ ಸುತ್ತಿಕೊಂಡು, ಒದ್ದೆ ಕೂದಲಲ್ಲೇ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಹಸಿದ ಮುದುಕಿ ಕಾಯುತ್ತಿದ್ದಾಳೆ, ಬೇಗ ಮುಗಿಸಬೇಕು. ತಟ್ಟೆಯಿಂದ ಲಿಂಗ ಎತ್ತಿ ಎಡಗೈಯಲ್ಲಿಟ್ಟು, ಗಡಬಡಿಸಿ ನೀರು ಹಾಕಿ, ವಿಭೂತಿ ಬಳಿದು, ನಮಃ ಶಿವಾಯ ನಮಃ ಶಿವಾಯ ಎಂದು ಬಸ್ಸಿಗೆ ಹೊತ್ತಾದವಳ ಹಾಗೆ ಶುರು ಮಾಡಿದಳು.

“ಏನವಸರ?” ಎಂದಳು ಹಾಲಮ್ಮ ಮೇಲಿನಿಂದ. “ನಿಧಾನಕ್ಕೆ ಮಾಡು. ನಾನೇನು ಎದ್ದು ಓಡಿ ಹೋಗ್ತೀನಾ?”

ಕಸ್ತೂರಮ್ಮ ನಿಲ್ಲಿಸಿದಳು. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿದಳು. ಕಪ್ಪು ಲಿಂಗದ ಮೇಲೆ ಕಿಟಕಿಯ ಬೆಳಕು ಒಂದು ಚುಕ್ಕಿಯಾಗಿ ಕೂತಿತ್ತು. ಹಿಂದೆ ಕೂತಾಗ ಮನಸ್ಸಿಗೆ ಏನಾಗುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ಬರಲಿಲ್ಲ. ಮಂತ್ರ ನೆನಪಿತ್ತು, ಅದರ ರುಚಿ ಇರಲಿಲ್ಲ. ಭಕ್ತಿ ಗಿಕ್ತಿ ಎಲ್ಲ ಎಂದೋ ಖಾಲಿಯಾದ ಡಬ್ಬ. ತಳದವರೆಗೂ ಕೆರೆದರೆ ಸಿಕ್ಕಿದ್ದು ಆಯಾಸ ಒಂದೇ. ಕಾಲಿನಿಂದ ತಲೆಯವರೆಗೆ ವರ್ಷಗಳಿಂದ ತುಂಬಿಕೊಂಡಿದ್ದ, ಯಾರ ಮುಂದೂ ಹೇಳದ ಆಯಾಸ.

“ಸುಸ್ತಾಗೈತಪ್ಪಾ,” ಎಂದಳು ಅಂಗೈಗೆ.

ಆ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಉಳಿದದ್ದೆಲ್ಲ ಅದರ ಹಿಂದೆಯೇ ಬಂತು. “ಬಾಳ ಸುಸ್ತಾಗೈತೆ. ನಿನ್ನ ಮರೆತೆ. ಎಲ್ಲರಿಗೂ ಮಾಡಾಕೆ ಹೋಗಿ ನಿನ್ನ ಮರೆತೆ. ಮಾಡಿದ್ದೂ ಸರಿಯಾಗಿ ಮಾಡ್ಲಿಲ್ಲ. ಕೊಡಾಕೆ ನನ್ನತ್ರ ಬೇರೆ ಏನೂ ಇಲ್ಲ ಕಣಪ್ಪಾ, ಇದೊಂದೇ ಇರೋದು, ಇದನ್ನೇ ತಗೋ.” ಅವಳು ಅತ್ತಳು. ದನಿ ಎತ್ತಿ, ಮೂಗು ಸುರಿಸಿಕೊಂಡು, ಚಿಕ್ಕ ಹುಡುಗಿಯ ಹಾಗೆ ಅತ್ತಳು. ಏನನ್ನೂ ಬೇಡಲಿಲ್ಲ. ಇದ್ದುದನ್ನೆಲ್ಲ ಒಂದು ಚೂರೂ ಹಿಂದಿಟ್ಟುಕೊಳ್ಳದೆ ಕೊಟ್ಟಳು, ಇದ್ದುದು ಸುಸ್ತೇ ಆದರೂ. ಅಂಗೈಯಲ್ಲಿದ್ದವನು ಬೇಡ ಎನ್ನಲಿಲ್ಲ. ಎಷ್ಟು ಹೊತ್ತು ಕೂತಿದ್ದಳೋ ಅವಳಿಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ, ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅದೂ ಅವಳಿಗೆ ತಿಳಿಯಲಿಲ್ಲ.

ತೀರ್ಥ ತೆಗೆದುಕೊಂಡು ಅವಳು ಎದ್ದಾಗ ಹಾಲಮ್ಮ ದಿಂಬಿಗೆ ಒರಗಿ, ಎರಡು ಕೈಯಲ್ಲೂ ಗಂಜಿಯ ಬಟ್ಟಲನ್ನು ಹಿಡಿದುಕೊಂಡು ಕೂತಿದ್ದಳು. ಒಂದು ಗುಟುಕೂ ಮುಟ್ಟಿರಲಿಲ್ಲ. ಗಂಜಿ ಆರಿ ಕೆನೆ ಕಟ್ಟಿತ್ತು.

“ಕೊಡ್ರಿ ಅತ್ತಿ, ಬಿಸಿ ಮಾಡಿ ತರ್ತೀನಿ.”

“ಇರ್ಲಿ ಬಾ. ಇಲ್ಲಿ ಕುಂತ್ಕೋ.”

ಕಸ್ತೂರಮ್ಮ ಮಂಚದ ಅಂಚಿಗೆ ಕೂತಳು. ಹಾಲಮ್ಮ ಚಮಚೆಯನ್ನು ಬಟ್ಟಲಿನಲ್ಲಿ ಅದ್ದಿ, ನಡುಗುವ ಕೈಯನ್ನು ಮೇಲಕ್ಕೆತ್ತಿದಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ಚಮಚೆ ಗಾಳಿಯಲ್ಲಿ ಸೊಸೆಯ ಬಾಯಿ ಎಲ್ಲಿದೆಯೆಂದು ಹುಡುಕುತ್ತಿತ್ತು.

“ಬಾಯಿ ತೆಗಿ. ಮೊದಲು ನೀನು. ನಿಂದೇ ದೊಡ್ಡ ಉಪವಾಸ.”

ಕಸ್ತೂರಮ್ಮ ಬಾಯಿ ತೆಗೆದಳು. ತಣ್ಣಗಿನ, ಉಪ್ಪಿಲ್ಲದ ಗಂಜಿ. ನುಂಗಿದಳು. ಆಮೇಲೆ ಅದೇ ಚಮಚೆಯನ್ನು ತಾನು ತೆಗೆದುಕೊಂಡು ಅತ್ತೆಯ ತುಟಿಗೆ ಹಿಡಿದಳು. ಹಾಲಮ್ಮ ತಾನಾಗಿಯೇ ಬಾಯಿ ತೆರೆದಳು.

ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿಸಿತು. ನಾಗರಾಜಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಬಂದ. “ಕಾರು ಬಂತು, ಅವ್ವನ್ನ ಎತ್ಕೊಳ್ಳಾನಾ?” ಎಂದವನು ಬಾಗಿಲಲ್ಲೇ ನಿಂತುಬಿಟ್ಟ.

“ತಡೀರಿ,” ಎಂದಳು ಕಸ್ತೂರಮ್ಮ ಅವನ ಕಡೆ ತಿರುಗದೆ. “ನಾವಿನ್ನೂ ಉಣ್ತಾ ಇದ್ದೀವಿ.”